ಸೋಮನಾಥಪುರದ ತೆನೆ: ಪ್ರಯೋಗಾಲಯದಿಂದ ಕಾದಂಬರಿಗೆ

ಬೋಗಾದಿಯ ನಮ್ಮ ಬಡಾವಣೆಯ ಬಿ.ಎಸ್ಸಿ. ವಿದ್ಯಾರ್ಥಿಯೊಬ್ಬ ಸೋಮನಾಥಪುರ ನೋಡಿಕೊಂಡು ಬಂದ ಮರುದಿನ ನನ್ನನ್ನು ತಡೆದು ನಿಲ್ಲಿಸಿ, “ಸಾರ್, ಕೊಲಂಬಸನಿಗಿಂತ ಮೊದಲೇ ನಮ್ಮಲ್ಲಿ ಮುಸುಕಿನ ಜೋಳ ಇತ್ತು. ಅಲ್ಲಿನ ಶಿಲ್ಪಗಳ ಕೈಯಲ್ಲೇ ತೆನೆ ಇದೆ. ಅದು ಸಾಬೀತಾಗಿದೆ” ಎಂದ. ಎಲ್ಲಿ ಓದಿದೆ ಎಂದು ಕೇಳಿದೆ. “ಗಣೇಶಯ್ಯನವರ ಕಾದಂಬರೀಲಿ. ಅವರು ವಿಜ್ಞಾನಿ ಅಲ್ವಾ ಸಾರ್?” ಎಂದ. ಈ ಪ್ರಶ್ನೆಗೆ ಒಂದೇ ಮಾತಿನಲ್ಲಿ ಉತ್ತರಿಸಲು ನನ್ನಿಂದಾಗಲಿಲ್ಲ. ನೀವು ಅಧ್ಯಾಪಕರಾಗಿದ್ದರೆ ನಿಮಗೂ ಇದು ಎದುರಾಗಬಹುದು.

ಡಾ. ಕೆ.ಎನ್. ಗಣೇಶಯ್ಯನವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ದೀರ್ಘಕಾಲ ಪ್ರಾಧ್ಯಾಪಕರಾಗಿದ್ದವರು. ಸಸ್ಯಗಳ ವಿಕಾಸ ಅವರ ಕ್ಷೇತ್ರ. ಶೀಶಮ್ ಮರದ ಕಾಯಿಯೊಳಗೆ ಹಲವು ಅಂಡಕಗಳಿದ್ದರೂ ಸಾಮಾನ್ಯವಾಗಿ ಒಂದೇ ಬೀಜ ಬಲಿಯುತ್ತದೆ. ಉಳಿದವುಗಳಿಗೆ ಆಹಾರ ನಿಲ್ಲಿಸುವುದು ತಾಯಿಮರವೋ ಅಥವಾ ಒಡಹುಟ್ಟಿದ ಬೀಜವೇ ಅವನ್ನು ಕೊಲ್ಲುತ್ತದೆಯೋ? ಗಣೇಶಯ್ಯ ಮತ್ತು ಆರ್. ಉಮಾಶಂಕರ್ 1988ರಲ್ಲಿ ಪ್ರಕಟಿಸಿದ ಪ್ರಬಂಧ ಒಡಹುಟ್ಟುಗಳ ಪೈಪೋಟಿಯತ್ತ ಬೆರಳು ಮಾಡಿತು. ಇಂತಹ ಸಂಶೋಧನೆಯಲ್ಲಿ ದಶಕಗಳನ್ನು ಕಳೆದ ಈ ವಿಜ್ಞಾನಿ ಕನ್ನಡದಲ್ಲಿ ಕಥೆಗಾರರಾಗಿ ಪರಿಚಿತರಾದುದು ಐವತ್ತು ದಾಟಿದ ಮೇಲೆ. ‘ಶಾಲಭಂಜಿಕೆ’ಯ ಕಥೆಗಳು, ‘ಕನಕ ಮುಸುಕು’, ‘ಕರಿಸಿರಿಯಾನ’, ‘ಕಪಿಲಿಪಿಸಾರ’ ಕಾದಂಬರಿಗಳು ಒಂದರ ಹಿಂದೊಂದು ಬಂದವು. ‘ಕನಕ ಮುಸುಕು’ವಿನ ಬೀಜ ಇರುವುದು ಹೊಯ್ಸಳ ಶಿಲ್ಪದ ಆ ತೆನೆಯಲ್ಲೇ.

ಈಗ ತೆನೆಯ ಕಥೆಗೆ ಬರೋಣ. ಮುಸುಕಿನ ಜೋಳ ಸುಮಾರು 9000 ವರ್ಷಗಳ ಹಿಂದೆ ಮೆಕ್ಸಿಕೋದ ನೈರುತ್ಯ ಭಾಗದಲ್ಲಿ, ಟಿಯೊಸಿಂಟೆ ಎಂಬ ಕಾಡುಹುಲ್ಲಿನಿಂದ ರೂಪುಗೊಂಡ ಬೆಳೆ. ಕೊಲಂಬಸ್ ಅಮೆರಿಕ ತಲುಪಿದ್ದು 1492ರಲ್ಲಿ. ಆನಂತರವೇ ಅದು ಹಳೆಯ ಜಗತ್ತಿಗೆ ಬಂತೆಂಬುದು ಒಪ್ಪಿತ ಇತಿಹಾಸ. ಆದರೆ ಸೋಮನಾಥಪುರದ ಕೇಶವ ದೇವಾಲಯ 13ನೆಯ ಶತಮಾನದ್ದು! ಅಲ್ಲಿನ ಹಲವು ಶಿಲ್ಪಗಳ ಕೈಯಲ್ಲಿ ಸಾಲುಸಾಲಾಗಿ ಕಾಳು ಜೋಡಿಸಿದಂತಹ ವಸ್ತುವಿದೆ. ಅಮೆರಿಕದ ಭೂಗೋಳಶಾಸ್ತ್ರಜ್ಞ ಕಾರ್ಲ್ ಜೊಹಾನೆಸ್ಸೆನ್ ಮತ್ತು ಆನ್ ಪಾರ್ಕರ್ 1989ರಲ್ಲಿ ‘ಎಕನಾಮಿಕ್ ಬಾಟನಿ’ ಪತ್ರಿಕೆಯಲ್ಲಿ, ಇವು ಮುಸುಕಿನ ಜೋಳದ ತೆನೆಗಳೇ ಎಂದು ವಾದಿಸಿದರು. 1993ರಲ್ಲಿ ಅದೇ ಪತ್ರಿಕೆಯಲ್ಲಿ ಎಂ.ಎಂ. ಪಾಯಕ್ ಮತ್ತು ಜೆ.ಕೆ.ಎಸ್. ಸಚಾನ್ ಇದನ್ನು ಅಲ್ಲಗಳೆದರು. ಅದು ತೆನೆಯಲ್ಲ, ಮುತ್ತುಗಳನ್ನು ಹೊತ್ತ ‘ಮುಕ್ತಾಫಲ’ವೆಂಬ ಕಾಲ್ಪನಿಕ ಫಲ ಎಂಬುದು ಅವರ ನಿಲುವು. ಕಲ್ಲು ಹೋಲಿಕೆಯನ್ನಷ್ಟೇ ತೋರಿಸಬಲ್ಲದು. ವಾದ ನಿಲ್ಲಬೇಕಾದರೆ ಅಷ್ಟೇ ಹಳೆಯ ಪದರದಲ್ಲಿ ಕಾಳೋ ಪರಾಗವೋ ಸಿಗಬೇಕು. ಎಲ್ಲರೂ ಒಪ್ಪುವಂತಹ ಅಂತಹ ಪುರಾವೆ ಸಿಕ್ಕಿಲ್ಲ. ಎಂದರೆ ‘ಸಾಬೀತಾಗಿದೆ’ ಎಂಬ ಮಾತು ಸಲ್ಲದು.

ಪುರಾವೆ ಮುಗಿದಲ್ಲಿ ಸಂಶೋಧನಾ ಪ್ರಬಂಧವೂ ಮುಗಿಯಬೇಕು. ಕಾದಂಬರಿಗೆ ಆ ಕಟ್ಟಳೆಯಿಲ್ಲ. ‘ಹೀಗಿದ್ದಿದ್ದರೆ?’ ಎಂದು ಅದು ಮುಂದೆ ನಡೆಯಬಹುದು. ವಿಜ್ಞಾನಿಗಳು ನಡುವಯಸ್ಸಿನಲ್ಲಿ ಕಥೆಗೆ ತಿರುಗಲು ಇದೂ ಒಂದು ಕಾರಣವಿರಬಹುದೆಂದು ನನಗನ್ನಿಸುತ್ತದೆ. ದಶಕಗಳ ದುಡಿಮೆಯಲ್ಲಿ ಉತ್ತರಗಳ ಜೊತೆಗೆ, ಮುಗಿಸಲಾಗದ ಪ್ರಶ್ನೆಗಳೂ ಶೇಖರವಾಗುತ್ತವೆಯಷ್ಟೆ.

ಇದಕ್ಕೆ ಭೌತವಿಜ್ಞಾನದಲ್ಲೂ ಪರಂಪರೆಯಿದೆ. ನಕ್ಷತ್ರಗಳಲ್ಲಿ ಧಾತುಗಳು ತಯಾರಾಗುವ ಬಗೆಯನ್ನು ವಿವರಿಸಿದ ಹೆಸರಾಂತ ಪ್ರಬಂಧದ ನಾಲ್ವರು ಲೇಖಕರಲ್ಲಿ ಫ್ರೆಡ್ ಹಾಯ್ಲ್ ಒಬ್ಬರು. ಅದು ಪ್ರಕಟವಾದುದು 1957ರಲ್ಲಿ. ಅದೇ ವರ್ಷ, 42ರ ಆಸುಪಾಸಿನಲ್ಲಿ, ಅವರ ‘ದಿ ಬ್ಲ್ಯಾಕ್ ಕ್ಲೌಡ್’ ಕಾದಂಬರಿಯೂ ಹೊರಬಂತು. ಸೌರವ್ಯೂಹಕ್ಕೆ ಬರುವ ಬುದ್ಧಿಯುಳ್ಳ ಅನಿಲಮೋಡ ಅದರ ವಸ್ತು. ಒಂದು ಅಳೆದು ಪರಿಶೀಲಿಸಬಹುದಾದದ್ದು, ಇನ್ನೊಂದು ಊಹಿಸಿ ಆನಂದಿಸಬಹುದಾದದ್ದು. ಎರಡನ್ನೂ ಅವರು ಬೇರೆಬೇರೆ ಹೊದಿಕೆಗಳಲ್ಲಿ ಕೊಟ್ಟರು. ಹಾಯ್ಲರ ಶಿಷ್ಯ, 2025ರಲ್ಲಿ ನಿಧನರಾದ ಜಯಂತ ನಾರ್ಳಿಕರ್, 1974ರಲ್ಲಿ ಮರಾಠಿ ವಿಜ್ಞಾನ ಪರಿಷತ್ತಿನ ಕಥಾಸ್ಪರ್ಧೆಗೆ ತಮ್ಮ ಇನಿಷಿಯಲ್ಸ್ ತಿರುವುಮುರುವು ಮಾಡಿ, ನಾರಾಯಣ ವಿನಾಯಕ ಜಗತಾಪ್ ಎಂಬ ಹೆಸರಿನಲ್ಲಿ ಕಥೆ ಕಳುಹಿಸಿದರು. ಬಹುಮಾನವೂ ಬಂತು. ವಿಜ್ಞಾನಿಯ ಕೀರ್ತಿ ಕಥೆಗೆ ಶಿಫಾರಸು ಆಗಬಾರದೆಂಬ ಎಚ್ಚರ ಅಲ್ಲಿ ಕಾಣುತ್ತದೆ.

ಗಣೇಶಯ್ಯನವರ ದಾರಿ ಬೇರೆ. ಅವರ ಕಥನದ ಜೊತೆಯಲ್ಲೇ ಟಿಪ್ಪಣಿ, ಚಿತ್ರ, ಆಧಾರಗಳು ಬರುತ್ತವೆ. ಇದು ಅವರ ಬರವಣಿಗೆಯ ಆಕರ್ಷಣೆ. ಅವಸರದ ಓದುಗನಿಗೆ ಅಪಾಯವೂ ಹೌದು. ಒಂದು ಟಿಪ್ಪಣಿ ನಿಜವೆಂದ ಮಾತ್ರಕ್ಕೆ ಅದರ ಸುತ್ತಲಿನ ಕಥೆ ನಿಜವಾಗುವುದಿಲ್ಲ. ಆಧಾರ ಕೊಟ್ಟಿರುವುದು ನಾವು ಅದನ್ನು ತೆರೆದು ನೋಡಲೆಂದೇ ಹೊರತು, ನೋಡದೆ ನಂಬಲೆಂದಲ್ಲ.

ಅಧ್ಯಾಪಕರಿಗೆ ಒಂದು ಸಲಹೆ. ಇಂತಹ ಕಾದಂಬರಿಯ ಒಂದು ಅಧ್ಯಾಯವನ್ನು ತರಗತಿಯಲ್ಲಿ ಓದಿಸಿ. ಯಾವುದು ವೀಕ್ಷಣೆ, ಯಾವುದು ಅನುಮಿತಿ, ಯಾವುದು ಕಲ್ಪನೆ ಎಂದು ವಿದ್ಯಾರ್ಥಿಗಳೇ ಮೂರು ಪಟ್ಟಿ ಮಾಡಲಿ. ಮೊದಲಿನ ಎರಡರ ನಡುವೆ ಗೆರೆ ಎಳೆಯುವುದು ಎಷ್ಟು ಕಷ್ಟವೆಂಬುದು ಆಗ ಅವರಿಗೇ ತಿಳಿಯುತ್ತದೆ.

ನಮ್ಮ ಹುಡುಗನಿಗೆ ನಾನು 1989 ಮತ್ತು 1993ರ ಪ್ರಬಂಧಗಳೆರಡನ್ನೂ ಕೊಟ್ಟೆ. ವಾರದ ನಂತರ ಬಂದು, “ಸಾರ್, ಇನ್ನೊಂದ್ಸಲ ಸೋಮನಾಥಪುರಕ್ಕೆ ಹೋಗ್ಬೇಕು. ಈ ಸಲ ಸ್ಕೇಲು ತಗೊಂಡು ಹೋಗ್ತೀನಿ” ಎಂದ. ಕಾದಂಬರಿ ಇಲ್ಲದಿದ್ದರೆ ಅವನು ಆ ಪ್ರಬಂಧಗಳ ಹತ್ತಿರ ಸುಳಿಯುತ್ತಲೇ ಇರಲಿಲ್ಲ ಎಂಬುದನ್ನೂ ನಾನು ಒಪ್ಪಬೇಕು.