ನ್ಯೂಯಾರ್ಕ್ ಉದ್ಯಾನಗಳಲ್ಲಿ ನಾಯಿಗಳ ಮುಕ್ತ ಸಂಚಾರದ ವಿವಾದ

ನ್ಯೂಯಾರ್ಕ್ ಉದ್ಯಾನಗಳಲ್ಲಿ ನಾಯಿಗಳ ಮುಕ್ತ ಸಂಚಾರದ ವಿವಾದವು ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ನಗರದಲ್ಲಿ ಹಲವು ದಶಕಗಳಿಂದ ನಡೆದುಬಂದಿರುವ ಒಂದು ನಾಗರಿಕ ವಿವಾದ. ಸಾರ್ವಜನಿಕ ಉದ್ಯಾನಗಳಲ್ಲಿ ಸಾಕುನಾಯಿಗಳ ಹಗ್ಗ ಬಿಚ್ಚಿ ಬಿಡಬಹುದೇ, ಬಿಡಬಹುದಾದರೆ ಎಲ್ಲಿ ಮತ್ತು ಯಾವ ಹೊತ್ತಿನಲ್ಲಿ ಎಂಬುದು ಇದರ ಮೂಲ ಪ್ರಶ್ನೆ. ನಾಯಿ ಸಾಕುವವರು, ಮಕ್ಕಳ ಪೋಷಕರು, ವಾಯುವಿಹಾರಿಗಳು, ಪಕ್ಷಿವೀಕ್ಷಕರು, ಬಡಾವಣೆಯ ನಾಗರಿಕ ಸಂಘಗಳು ಹಾಗೂ ನಗರದ ಉದ್ಯಾನ ಮತ್ತು ಆರೋಗ್ಯ ಇಲಾಖೆಗಳು ಇದರಲ್ಲಿ ಭಾಗಿಗಳಾಗಿವೆ. ಬಹುಕಾಲ ಅಲಿಖಿತವಾಗಿದ್ದ ರಿಯಾಯಿತಿಯೊಂದು 2006ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿ, 2007ರಲ್ಲಿ ಲಿಖಿತ ನಿಯಮವಾಯಿತು. ಉದ್ಯಾನದ ಜಾಗವನ್ನು ಭಾಗ ಮಾಡುವುದಕ್ಕಿಂತ ಹೆಚ್ಚಾಗಿ ದಿನದ ಹೊತ್ತನ್ನು ಹಂಚಿಕೊಂಡದ್ದು ಈ ಪರಿಹಾರದ ವೈಶಿಷ್ಟ್ಯ.

ಹಿನ್ನೆಲೆ

ನ್ಯೂಯಾರ್ಕ್ ನಗರದಲ್ಲಿ ಸುಮಾರು 30,000 ಎಕರೆ ಉದ್ಯಾನಭೂಮಿ ಇದೆ. ಮ್ಯಾನ್‌ಹಟನ್‌ನ 843 ಎಕರೆ ವಿಸ್ತೀರ್ಣದ ಸೆಂಟ್ರಲ್ ಪಾರ್ಕ್ ಮತ್ತು ಬ್ರೂಕ್ಲಿನ್‌ನ 526 ಎಕರೆ ವಿಸ್ತೀರ್ಣದ ಪ್ರಾಸ್ಪೆಕ್ಟ್ ಪಾರ್ಕ್ ಇವುಗಳಲ್ಲಿ ಪ್ರಸಿದ್ಧವಾದವು. ಎರಡನ್ನೂ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಮತ್ತು ಕ್ಯಾಲ್ವರ್ಟ್ ವಾಕ್ಸ್ ವಿನ್ಯಾಸಗೊಳಿಸಿದರು. ನಗರದ ಬಹುಪಾಲು ಜನ ಅಂಗಳವಿಲ್ಲದ ಬಹುಮಹಡಿ ಮನೆಗಳಲ್ಲಿ ವಾಸಿಸುವುದರಿಂದ ಅವರ ನಾಯಿಗಳಿಗೆ ಬಯಲು ಸಿಗುವುದು ಉದ್ಯಾನದಲ್ಲಿ ಮಾತ್ರ. ಮಕ್ಕಳಿಗೂ ವೃದ್ಧರಿಗೂ ಹುಲ್ಲು ಮತ್ತು ನೆರಳು ದೊರೆಯುವುದು ಅಲ್ಲಿಯೇ. ವಿವಾದದ ಬೇರು ಈ ಇಕ್ಕಟ್ಟಿನಲ್ಲಿದೆ.

ನಗರದ ಆರೋಗ್ಯ ಸಂಹಿತೆಯ 161.05ನೆಯ ವಿಧಿಯ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ನಾಯಿಯನ್ನು ಆರು ಅಡಿ (ಸುಮಾರು 1.8 ಮೀಟರ್) ಮೀರದ ಹಗ್ಗ ಅಥವಾ ಸರಪಳಿಯಿಂದ ಹಿಡಿದುಕೊಂಡಿರಬೇಕು. ಹುಚ್ಚುನಾಯಿ ರೋಗ ಹಾಗೂ ನಾಯಿಕಡಿತವನ್ನು ತಡೆಯುವುದು ಇದರ ಉದ್ದೇಶ.

1970ರ ದಶಕದಲ್ಲಿ ಚರ್ಚೆಯ ಕೇಂದ್ರದಲ್ಲಿದ್ದುದು ಹಗ್ಗವಲ್ಲ, ನಾಯಿಯ ಮಲ. ಅದರ ಮೂಲಕ ಹರಡುವ ಟಾಕ್ಸೊಕಾರ ಎಂಬ ದುಂಡುಹುಳು ಮಕ್ಕಳ ಕಣ್ಣಿಗೆ ಹಾನಿ ಮಾಡಬಲ್ಲದೆಂದು ಫ್ರಾನ್ ಲೀ ಎಂಬ ಹೋರಾಟಗಾರ್ತಿ ವ್ಯಾಪಕ ಪ್ರಚಾರ ನಡೆಸಿದರು. ನಾಯಿಯ ಮಲವನ್ನು ಅದರ ಒಡೆಯರೇ ಎತ್ತಿ ಶುಚಿಗೊಳಿಸಬೇಕೆಂಬ ರಾಜ್ಯ ಕಾನೂನು 1978ರ ಆಗಸ್ಟ್ 1ರಂದು ಜಾರಿಗೆ ಬಂದಿತು. ಆಗ ಎಡ್ ಕಾಚ್ ನಗರದ ಮೇಯರ್ ಆಗಿದ್ದರು. ಪಾಲನೆ ಅಸಾಧ್ಯವೆಂದು ಹಲವರು ಹೇಳಿದ್ದ ಈ ಕಾನೂನು ಕ್ರಮೇಣ ನಗರದ ರೂಢಿಯೇ ಆಯಿತು. ಅಭ್ಯಾಸವು ನೆರೆಹೊರೆಯವರ ಕಣ್ಣಿಗೆ ಅಂಜಿ ಬದಲಾಗಬಲ್ಲದು ಎಂಬುದಕ್ಕೆ ಮುಂದಿನ ವಾದಗಳಲ್ಲಿ ಇದನ್ನು ಉದಾಹರಿಸಲಾಯಿತು.

ಬೇಲಿಯ ಆವರಣಗಳು

ನಾಯಿಗಳಿಗಾಗಿಯೇ ಬೇಲಿ ಹಾಕಿದ ಜಾಗವನ್ನು ಮೀಸಲಿಡುವುದು ಈ ಸಮಸ್ಯೆಗೆ ಹುಡುಕಿದ ಮೊದಲ ಪರಿಹಾರಗಳಲ್ಲೊಂದು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 1979ರಲ್ಲಿ ಆರಂಭವಾದ ಓಲೋನಿ ಶ್ವಾನೋದ್ಯಾನವನ್ನು ಅಮೆರಿಕದ ಮೊದಲ ಶ್ವಾನೋದ್ಯಾನವೆಂದು ಸಾಮಾನ್ಯವಾಗಿ ಪರಿಗಣಿಸಲಾಗುತ್ತದೆ. ನ್ಯೂಯಾರ್ಕ್ ನಗರದ ಮೊದಲ ಆವರಣ ಟಾಂಪ್ಕಿನ್ಸ್ ಸ್ಕ್ವೇರ್ ಪಾರ್ಕ್‌ನಲ್ಲಿ 1990ರಲ್ಲಿ ನಿರ್ಮಾಣವಾಯಿತು. ಇಂತಹ ಆವರಣಗಳಿಗೆ ಒಂದರ ಹಿಂದೊಂದು ಎರಡು ಬಾಗಿಲುಗಳಿರುತ್ತವೆ. ಒಂದು ಮುಚ್ಚಿದ ಮೇಲೆ ಇನ್ನೊಂದನ್ನು ತೆರೆಯುವುದರಿಂದ ಒಳಗಿನ ನಾಯಿ ಹೊರಗೆ ನುಸುಳಲಾರದು.

ಆದರೆ ಈ ಆವರಣಗಳು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ದೊಡ್ಡ ತಳಿಗಳು ಓಡಲು ಅವು ಸಾಲವೆಂದೂ, ಇಕ್ಕಟ್ಟಿನಲ್ಲಿ ನಾಯಿಗಳು ಕಚ್ಚಾಡುತ್ತವೆಂದೂ ಸಾಕುವವರು ದೂರಿದರು. ಬೊಗಳುವಿಕೆ ಮತ್ತು ದುರ್ವಾಸನೆಯನ್ನು ಮುಂದಿಟ್ಟು ಅಕ್ಕಪಕ್ಕದ ನಿವಾಸಿಗಳು ಆಕ್ಷೇಪಿಸಿದರು. ಸೆಂಟ್ರಲ್ ಪಾರ್ಕ್‌ನಲ್ಲಿ ಇಂತಹ ಬೇಲಿಯ ಆವರಣವೇ ಇಲ್ಲ.

ಸೌಜನ್ಯದ ವೇಳೆ

ಹೆನ್ರಿ ಸ್ಟರ್ನ್ 1983ರಿಂದ 1990ರವರೆಗೆ ಹಾಗೂ 1994ರಿಂದ 2000ದವರೆಗೆ ನಗರದ ಉದ್ಯಾನ ಆಯುಕ್ತರಾಗಿದ್ದರು. ಬೂಮರ್ ಎಂಬ ತಮ್ಮ ಗೋಲ್ಡನ್ ರಿಟ್ರೀವರ್ ನಾಯಿಯನ್ನು ಕಾರ್ಯಕ್ರಮಗಳಿಗೂ ಕರೆದೊಯ್ಯುತ್ತಿದ್ದ ಅವರ ಕಾಲದಲ್ಲಿ ಒಂದು ಪದ್ಧತಿ ಬೆಳೆಯಿತು. ರಾತ್ರಿ 9ರಿಂದ ಬೆಳಿಗ್ಗೆ 9ರ ನಡುವೆ ಉದ್ಯಾನ ತೆರೆದಿರುವ ಹೊತ್ತಿನಲ್ಲಿ ಕೆಲವು ಬಯಲುಗಳಲ್ಲಿ ಹಗ್ಗವಿಲ್ಲದೆ ಓಡಾಡುವ ನಾಯಿಗಳ ಒಡೆಯರಿಗೆ ದಂಡ ಹಾಕುತ್ತಿರಲಿಲ್ಲ. ಇದಕ್ಕೆ ‘ಸೌಜನ್ಯದ ವೇಳೆ’ ಎಂಬ ಹೆಸರು ಬಂದಿತು. ಇದು ಕಾನೂನಿನ ತಿದ್ದುಪಡಿಯಾಗಿರಲಿಲ್ಲ. ಕಾನೂನನ್ನು ಜಾರಿ ಮಾಡುವಲ್ಲಿ ತೋರಿದ ರಿಯಾಯಿತಿ ಮಾತ್ರ.

ಪ್ರಾಸ್ಪೆಕ್ಟ್ ಪಾರ್ಕ್‌ನ ಲಾಂಗ್ ಮೆಡೋ ಎಂಬ ವಿಶಾಲ ಹುಲ್ಲುಗಾವಲಿನಲ್ಲಿ ಈ ಪದ್ಧತಿ ಚೆನ್ನಾಗಿ ಬೇರೂರಿತು. ಅಲ್ಲಿನ ಶ್ವಾನಪ್ರಿಯರು ‘ಫೈಡೊ’ ಎಂಬ ಸಂಘ ಕಟ್ಟಿಕೊಂಡು, ಹೊಸಬರಿಗೆ ನಿಯಮ ತಿಳಿಸುವ ಮತ್ತು ತಪ್ಪಿದವರನ್ನು ಎಚ್ಚರಿಸುವ ಹೊಣೆಯನ್ನು ತಾವೇ ಹೊತ್ತರು. ತಿಂಗಳಿಗೊಮ್ಮೆ ಕಾಫಿಯೊಡನೆ ನಡೆಯುವ ಅವರ ಬೆಳಗಿನ ಕೂಟ ಜನಪ್ರಿಯವಾಯಿತು.

ಜೂನಿಪರ್ ವ್ಯಾಲಿ ಮೊಕದ್ದಮೆ

ಕ್ವೀನ್ಸ್ ವಿಭಾಗದ ಮಿಡ್ಲ್ ವಿಲೇಜ್ ಬಡಾವಣೆಯಲ್ಲಿರುವ ಜೂನಿಪರ್ ವ್ಯಾಲಿ ಪಾರ್ಕ್‌ನಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ಹಗ್ಗವಿಲ್ಲದ ನಾಯಿಗಳಿಂದ ಬೆಳಗಿನ ನಡಿಗೆಗೆ ಬರುವವರಿಗೆ ಅಪಾಯವಿದೆಯೆಂದು ಜೂನಿಪರ್ ಪಾರ್ಕ್ ಸಿವಿಕ್ ಅಸೋಸಿಯೇಷನ್ ದೂರಿತು. ಹಗ್ಗದ ನಿಯಮವನ್ನು ಎಲ್ಲ ಹೊತ್ತಿನಲ್ಲಿಯೂ ಜಾರಿಗೊಳಿಸಬೇಕೆಂದು ಕೋರಿ ಸಂಘವು 2006ರಲ್ಲಿ ನಗರಾಡಳಿತದ ವಿರುದ್ಧ ಮೊಕದ್ದಮೆ ಹೂಡಿತು.

ಸಂಘದ ವಾದ ಸರಳವಾಗಿತ್ತು. ಆರೋಗ್ಯ ಸಂಹಿತೆಯು ಸಾರ್ವಜನಿಕ ಸ್ಥಳಗಳಲ್ಲಿ ಹಗ್ಗವನ್ನು ಕಡ್ಡಾಯಗೊಳಿಸಿರುವಾಗ ಅದನ್ನು ದಿನದ ಕೆಲವು ಗಂಟೆ ಅಮಾನತಿನಲ್ಲಿಡುವ ಅಧಿಕಾರ ಉದ್ಯಾನ ಇಲಾಖೆಗೆ ಎಲ್ಲಿಂದ ಬಂತು ಎಂಬುದೇ ಅದರ ಪ್ರಶ್ನೆ. ಆಗ ಆಯುಕ್ತರಾಗಿದ್ದ ಏಡ್ರಿಯನ್ ಬೆನೆಪಿ ಹಳೆಯ ಪದ್ಧತಿಯನ್ನು ಸಮರ್ಥಿಸಿಕೊಂಡರು. ಮೊಕದ್ದಮೆ ಗೆದ್ದರೆ ದಶಕಗಳ ರೂಢಿ ಒಮ್ಮೆಲೇ ಕೊನೆಗೊಳ್ಳುವ ಸಾಧ್ಯತೆಯಿದ್ದುದರಿಂದ ನಗರದ ಉಳಿದ ಭಾಗಗಳ ಶ್ವಾನಸಂಘಗಳೂ ಚುರುಕಾದವು.

ಕ್ವೀನ್ಸ್‌ನ ಸುಪ್ರೀಂ ಕೋರ್ಟ್ ಸಂಘದ ವಾದವನ್ನು ಒಪ್ಪಲಿಲ್ಲ. ನ್ಯೂಯಾರ್ಕ್ ರಾಜ್ಯದಲ್ಲಿ ‘ಸುಪ್ರೀಂ ಕೋರ್ಟ್’ ಎಂಬುದು ವಿಚಾರಣಾ ನ್ಯಾಯಾಲಯದ ಹೆಸರು. ಅದು ಅಲ್ಲಿನ ಅತ್ಯುಚ್ಚ ನ್ಯಾಯಾಲಯವಲ್ಲ. ಉದ್ಯಾನಗಳನ್ನು ನಿರ್ವಹಿಸುವಲ್ಲಿ ಆಯುಕ್ತರಿಗೆ ವಿವೇಚನಾಧಿಕಾರ ಇದೆಯೆಂಬುದು ತೀರ್ಪಿನ ಸಾರ.

2007ರ ನಿಯಮ

ಪ್ರಕರಣ ಬೇರೊಂದು ರೀತಿಯಲ್ಲಿ ಫಲ ಕೊಟ್ಟಿತು. ಅಲಿಖಿತ ರಿಯಾಯಿತಿಯ ದೌರ್ಬಲ್ಯ ಬಯಲಾಗಿದ್ದರಿಂದ ನಗರದ ಆರೋಗ್ಯ ಮಂಡಳಿಯು 2006ರ ಡಿಸೆಂಬರ್‌ನಲ್ಲಿ ಆರೋಗ್ಯ ಸಂಹಿತೆಯನ್ನು ತಿದ್ದಿತು. ಅದಕ್ಕನುಗುಣವಾಗಿ ಉದ್ಯಾನ ಇಲಾಖೆಯು ರೂಪಿಸಿದ ನಿಯಮ 2007ರಲ್ಲಿ ಜಾರಿಗೆ ಬಂದಿತು. ಅದರ ಮುಖ್ಯಾಂಶಗಳು ಹೀಗಿವೆ:

• ನಿಗದಿತ ಉದ್ಯಾನಗಳ ನಿಗದಿತ ಭಾಗಗಳಲ್ಲಿ, ಉದ್ಯಾನ ತೆರೆದಾಗಿನಿಂದ ಬೆಳಿಗ್ಗೆ 9ರವರೆಗೆ ಮತ್ತು ರಾತ್ರಿ 9ರಿಂದ ಉದ್ಯಾನ ಮುಚ್ಚುವವರೆಗೆ ಮಾತ್ರ ನಾಯಿಗಳನ್ನು ಹಗ್ಗವಿಲ್ಲದೆ ಬಿಡಬಹುದು.
• ಉಳಿದ ಹೊತ್ತಿನಲ್ಲಿ ಆರು ಅಡಿಯ ಹಗ್ಗ ಕಡ್ಡಾಯ.
• ನಾಯಿಗೆ ಪರವಾನಗಿ ಇರಬೇಕು ಮತ್ತು ರೇಬೀಸ್ ಲಸಿಕೆ ಹಾಕಿಸಿರಬೇಕು. ಕೇಳಿದಾಗ ಪುರಾವೆ ತೋರಿಸಬೇಕು.
• ನಾಯಿ ಸದಾ ಒಡೆಯರ ಹತೋಟಿಯಲ್ಲಿರಬೇಕು.
• ಮಕ್ಕಳ ಆಟದ ಅಂಗಳ, ಈಜುಕೊಳ, ಟೆನಿಸ್ ಮತ್ತು ಬ್ಯಾಸ್ಕೆಟ್‌ಬಾಲ್ ಅಂಕಣ ಮುಂತಾದ ಕಡೆ ಯಾವ ಹೊತ್ತಿನಲ್ಲಿಯೂ ನಾಯಿಗಳಿಗೆ ಪ್ರವೇಶವಿಲ್ಲ.

ಲಸಿಕೆ ಮತ್ತು ಪರವಾನಗಿಯ ಷರತ್ತು ಆರೋಗ್ಯ ಇಲಾಖೆಯ ಆತಂಕಕ್ಕೆ ದೊರೆತ ಉತ್ತರವಾಗಿತ್ತು. ಹಿಂದೆ ಕೇವಲ ರಿಯಾಯಿತಿಯಾಗಿದ್ದುದು ಹೀಗೆ ಹೊಣೆಯೊಂದಿಗೆ ಬರುವ ಅನುಮತಿಯಾಯಿತು.

ಪರ ಮತ್ತು ವಿರೋಧ ವಾದಗಳು

ಮುಕ್ತ ಸಂಚಾರದ ಬೆಂಬಲಿಗರು ಮುಖ್ಯವಾಗಿ ಮೂರು ಕಾರಣಗಳನ್ನು ನೀಡುತ್ತಾರೆ. ಮೊದಲನೆಯದು, ಮನಸಾರೆ ಓಡಿ ದಣಿದ ನಾಯಿ ಮನೆಯಲ್ಲಿ ಶಾಂತವಾಗಿರುತ್ತದೆ. ಎರಡನೆಯದು, ಇತರ ನಾಯಿಗಳೊಡನೆಯೂ ಅಪರಿಚಿತರೊಡನೆಯೂ ಬೆರೆತು ಬೆಳೆದ ನಾಯಿಯ ಅಂಜಿಕೆ ಕಡಿಮೆಯಾಗುತ್ತದೆ. ಮೂರನೆಯದು, ನಸುಕಿನಲ್ಲಿ ಮತ್ತು ರಾತ್ರಿಯಲ್ಲಿ ನಾಯಿಯೊಡನೆ ಬರುವವರಿಂದ ನಿರ್ಜನ ಉದ್ಯಾನಗಳಲ್ಲಿ ಜನಸಂಚಾರವಾಗಿ, ಅಪರಾಧಗಳಿಗೆ ಅವಕಾಶ ತಗ್ಗುತ್ತದೆ.

ವಿರೋಧಿಗಳ ವಾದ ಅಪಾಯದ ಭಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಆಧರಿಸಿದೆ. ‘ನಮ್ಮ ನಾಯಿ ಏನೂ ಮಾಡುವುದಿಲ್ಲ’ ಎಂಬ ಒಡೆಯರ ಭರವಸೆ ಮೈಮೇಲೆ ಹಾರಿದ ನಾಯಿಗೆ ಬೆದರಿ ಬಿದ್ದ ವೃದ್ಧರಿಗೆ ನೆರವಾಗದು. ಹಿಂದೆ ನಾಯಿಕಡಿತಕ್ಕೆ ಒಳಗಾದವರು ಉದ್ಯಾನಕ್ಕೆ ಬರುವುದನ್ನೇ ಬಿಡಬಹುದು. ಹಗ್ಗ ಬಿಚ್ಚಿದ ನಾಯಿ ಎರಗಿದಾಗ ಹಗ್ಗದಲ್ಲಿರುವ ನಾಯಿಗೆ ಓಡಿಹೋಗಲು ದಾರಿಯಿಲ್ಲ. ಅಂಧರಿಗೆ ದಾರಿ ತೋರುವ ನಾಯಿಗಳ ವಿಷಯದಲ್ಲಿ ಇದು ಇನ್ನೂ ಗಂಭೀರ. ಹುಲ್ಲುಹಾಸು ಹಾಳಾಗುವುದು ಮತ್ತು ಪಕ್ಷಿಗಳು ಬೆದರುವುದು ಇತರ ಆಕ್ಷೇಪಗಳು.

ಇವೆರಡರ ನಡುವೆ ಬಗೆಹರಿಯದ ತೊಡಕೊಂದಿದೆ. ಹಗ್ಗ ಇದೆಯೋ ಇಲ್ಲವೋ ಎಂಬುದನ್ನು ಕಾವಲುಗಾರ ದೂರದಿಂದಲೇ ಕಂಡು ಹೇಳಬಹುದು. ಆದರೆ ನಾಯಿ ‘ಹತೋಟಿಯಲ್ಲಿ’ ಇದೆಯೇ ಎಂಬುದು ಅದು ಹತೋಟಿ ತಪ್ಪುವವರೆಗೆ ತಿಳಿಯುವುದಿಲ್ಲ.

ರ‍್ಯಾಂಬಲ್ ಪ್ರಸಂಗ

ಸೆಂಟ್ರಲ್ ಪಾರ್ಕ್ ಅಟ್ಲಾಂಟಿಕ್ ಕರಾವಳಿಯ ಪಕ್ಷಿವಲಸೆಯ ಮಾರ್ಗದಲ್ಲಿದೆ. ಅಲ್ಲಿ 200ಕ್ಕೂ ಹೆಚ್ಚು ಪಕ್ಷಿಪ್ರಭೇದಗಳು ದಾಖಲಾಗಿವೆ. ಉದ್ಯಾನದ ನಡುವಿನ ರ‍್ಯಾಂಬಲ್ ಎಂಬ ಕಾಡುತೋಪು ವಲಸೆಯ ಹಕ್ಕಿಗಳು ಇಳಿದು ದಣಿವಾರಿಸಿಕೊಳ್ಳುವ ತಾಣ. ಆದ್ದರಿಂದ ಅಲ್ಲಿ ಎಲ್ಲ ಹೊತ್ತಿನಲ್ಲಿಯೂ ಹಗ್ಗ ಕಡ್ಡಾಯ. ಬೆಳಗಿನ ಮುಕ್ತ ವೇಳೆ ಅದಕ್ಕೆ ಅನ್ವಯಿಸುವುದಿಲ್ಲ.

2020ರ ಮೇ 25ರ ಬೆಳಿಗ್ಗೆ ಕಪ್ಪುವರ್ಣೀಯ ಪಕ್ಷಿವೀಕ್ಷಕ ಕ್ರಿಶ್ಚಿಯನ್ ಕೂಪರ್ ಅವರು, ರ‍್ಯಾಂಬಲ್‌ನಲ್ಲಿ ನಾಯಿಯನ್ನು ಬಿಟ್ಟಿದ್ದ ಬಿಳಿಯ ಮಹಿಳೆಯೊಬ್ಬರಿಗೆ ಹಗ್ಗ ಹಾಕುವಂತೆ ಹೇಳಿದರು. ಮಾತು ಬೆಳೆದಾಗ ಆಕೆ ಪೊಲೀಸರಿಗೆ ಕರೆ ಮಾಡಿ, ಆಫ್ರಿಕನ್ ಅಮೆರಿಕನ್ ವ್ಯಕ್ತಿಯೊಬ್ಬ ತನಗೆ ಬೆದರಿಕೆ ಒಡ್ಡುತ್ತಿದ್ದಾನೆಂದು ತಿಳಿಸಿದರು. ಕೂಪರ್ ಚಿತ್ರೀಕರಿಸಿದ ದೃಶ್ಯ ಕೋಟ್ಯಂತರ ಜನರನ್ನು ತಲುಪಿತು. ಅದೇ ದಿನ ಮಿನಿಯಾಪೊಲಿಸ್‌ನಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆಯಾದದ್ದರಿಂದ, ಇಂತಹ ಕರೆಯಿಂದ ಕರಿಯರ ಪ್ರಾಣಕ್ಕೇ ಒದಗಬಹುದಾದ ಅಪಾಯ ದೇಶದಾದ್ಯಂತ ಚರ್ಚೆಯಾಯಿತು.

ಮಹಿಳೆ ತಮ್ಮ ಉದ್ಯೋಗವನ್ನು ಕಳೆದುಕೊಂಡರು. ಸುಳ್ಳು ದೂರಿನ ಆರೋಪದ ಮೊಕದ್ದಮೆಗೆ ಸಹಕರಿಸಲು ಕೂಪರ್ ನಿರಾಕರಿಸಿದರು. ಆಕೆ ಈಗಾಗಲೇ ಸಾಕಷ್ಟು ಬೆಲೆ ತೆತ್ತಿದ್ದಾರೆಂಬುದು ಅವರ ನಿಲುವಾಗಿತ್ತು. ನಿಗದಿಪಡಿಸಿದ ಶಿಕ್ಷಣ ಮತ್ತು ಆಪ್ತಸಮಾಲೋಚನೆಯನ್ನು ಆಕೆ ಪೂರೈಸಿದ ಮೇಲೆ 2021ರ ಫೆಬ್ರವರಿಯಲ್ಲಿ ಪ್ರಕರಣ ವಜಾ ಆಯಿತು. ಜನಾಂಗದ ಕಾರಣಕ್ಕೆ ಸುಳ್ಳು ತುರ್ತುಕರೆ ಮಾಡುವುದರ ವಿರುದ್ಧ ನ್ಯೂಯಾರ್ಕ್ ರಾಜ್ಯವು 2020ರ ಜೂನ್‌ನಲ್ಲಿ ಕಾನೂನನ್ನು ಅಂಗೀಕರಿಸಿತು. ಉದ್ಯಾನದ ಸಣ್ಣ ನಿಯಮವೊಂದನ್ನು ನೆನಪಿಸುವ ಕೆಲಸವೂ ಎಲ್ಲ ನಾಗರಿಕರಿಗೆ ಸಮಾನವಾಗಿ ಸುರಕ್ಷಿತವಲ್ಲ ಎಂಬುದನ್ನು ಈ ಪ್ರಸಂಗ ತೋರಿಸಿಕೊಟ್ಟಿತು.

ಇತರ ನಗರಗಳಲ್ಲಿ

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇದೇ ವಿವಾದ ಸಂಯುಕ್ತ ಸರ್ಕಾರದ ಒಡೆತನದ ಗೋಲ್ಡನ್ ಗೇಟ್ ರಾಷ್ಟ್ರೀಯ ವಿಹಾರ ಪ್ರದೇಶದಲ್ಲಿ ನಡೆಯಿತು. 1979ರ ನೀತಿಯ ಪ್ರಕಾರ ಅಲ್ಲಿನ ಕೆಲವು ಕಡಲತೀರಗಳಲ್ಲಿ ನಾಯಿಗಳನ್ನು ಬಿಡಲು ಅವಕಾಶವಿತ್ತು. 2001ರಲ್ಲಿ ಅದನ್ನು ರದ್ದಾದುದೆಂದು ಪರಿಗಣಿಸಿ ಹಗ್ಗದ ನಿಯಮ ಜಾರಿಗೊಳಿಸಲು ಹೊರಟಾಗ, ಸಾರ್ವಜನಿಕರ ಅಭಿಪ್ರಾಯ ಕೇಳದೆ ಹಾಗೆ ಮಾಡುವಂತಿಲ್ಲವೆಂದು 2005ರಲ್ಲಿ ನ್ಯಾಯಾಲಯ ಹೇಳಿತು. ಮರಳಿನಲ್ಲಿ ತಂಗುವ ಸ್ನೋವಿ ಪ್ಲೋವರ್ ಎಂಬ ಪುಟ್ಟ ಹಕ್ಕಿಯ ರಕ್ಷಣೆ ಚರ್ಚೆಯ ಮುಖ್ಯ ವಿಷಯವಾಗಿತ್ತು. 2016ರಲ್ಲಿ ಪ್ರಕಟಿಸಿದ ಕರಡು ನಿಯಮವನ್ನು 2017ರಲ್ಲಿ ಕೈಬಿಡಲಾಯಿತು.

ಲಂಡನ್ನಿನ ರಿಚ್ಮಂಡ್ ಪಾರ್ಕ್‌ನಲ್ಲಿ ಜಿಂಕೆಗಳು ಮರಿ ಹಾಕುವ ಋತುವಿನಲ್ಲಿ ನಾಯಿಗಳಿಗೆ ಹಗ್ಗ ಹಾಕಬೇಕು. ಫೆಂಟನ್ ಎಂಬ ನಾಯಿ ಅಲ್ಲಿನ ಜಿಂಕೆಗಳ ಹಿಂಡನ್ನು ಅಟ್ಟಿಸಿಕೊಂಡು ಹೋದ ದೃಶ್ಯ 2011ರಲ್ಲಿ ಜಗತ್ತಿನಾದ್ಯಂತ ಪ್ರಚಾರ ಪಡೆಯಿತು.

ಬೆಂಗಳೂರಿನಲ್ಲಿ

1870ರಲ್ಲಿ ರೂಪುಗೊಂಡ ಬೆಂಗಳೂರಿನ ಕಬ್ಬನ್ ಉದ್ಯಾನವನ್ನು ರಾಜ್ಯದ ತೋಟಗಾರಿಕೆ ಇಲಾಖೆ ನಿರ್ವಹಿಸುತ್ತದೆ. ಅದರೊಳಗೆ ನಾಯಿಗಳಿಗಾಗಿ ಬೇಲಿ ಹಾಕಿದ ಪ್ರತ್ಯೇಕ ಆವರಣವಿದೆ. ಸಾಕುನಾಯಿಗಳನ್ನು ಉದ್ಯಾನದಲ್ಲಿ ಬಿಟ್ಟು ಓಡಾಡಿಸುವುದು ಮತ್ತು ಮಲವನ್ನು ಶುಚಿಗೊಳಿಸದಿರುವುದರ ಬಗ್ಗೆ ನಡಿಗೆದಾರರಿಂದ ದೂರುಗಳು ಬಂದ ಹಿನ್ನೆಲೆಯಲ್ಲಿ, 2022ರ ಜುಲೈ 1ರಿಂದ ಸಾಕುನಾಯಿಗಳ ಪ್ರವೇಶವನ್ನು ನಿಷೇಧಿಸುವುದಾಗಿ ಇಲಾಖೆ ಪ್ರಕಟಿಸಿತು. ಶ್ವಾನಪ್ರಿಯರ ವಿರೋಧದ ನಂತರ ಅದನ್ನು ತಡೆಹಿಡಿಯಲಾಯಿತು.

ಭಾರತದ ನಗರಗಳಲ್ಲಿ ಬೀದಿನಾಯಿಗಳೂ ಉದ್ಯಾನಗಳಲ್ಲಿ ನೆಲೆಸಿರುವುದರಿಂದ ಸಮಸ್ಯೆಯ ಸ್ವರೂಪ ಭಿನ್ನವಾಗಿದೆ. ಒಡೆಯರಿಲ್ಲದ ನಾಯಿಗೆ ಹಗ್ಗದ ನಿಯಮ ಅನ್ವಯಿಸುವುದಿಲ್ಲ. ಅವುಗಳ ಸಂತಾನಹರಣ ಮತ್ತು ಲಸಿಕೆಯ ಬಗ್ಗೆ 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳಿವೆ. ಸಾಕುಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದ ಒಡೆಯರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು.

ಇವನ್ನೂ ನೋಡಿ

• ಸೆಂಟ್ರಲ್ ಪಾರ್ಕ್
• ಕಬ್ಬನ್ ಉದ್ಯಾನ
• ರೇಬೀಸ್
• ಪಕ್ಷಿವೀಕ್ಷಣೆ