ನಾವಿಕನಿಂದ ಅಧಿಕಾರಿಯಾಗಲು: ಯಾವ ಪದವಿ, ಯಾವ ದಾರಿ?

ಪಿ.ಯು.ಸಿ. ಮುಗಿಸಿ ನೌಕಾಪಡೆಗೆ ಸೇರಿದ ನಮ್ಮ ಕರಾವಳಿಯ ಯುವಕ ಯುವತಿಯರು ರಜೆಯಲ್ಲಿ ಊರಿಗೆ ಬಂದಾಗ ಕೇಳುವ ಪ್ರಶ್ನೆ ಒಂದೇ: "ಫಾದರ್, ನಾವು ಮುಂದೆ ಆಫೀಸರ್ ಆಗಬಹುದೇ?" ಆಗಬಹುದು. ಆದರೆ ಪದವಿಯನ್ನು ಆರಿಸುವಾಗ ತಪ್ಪಿದರೆ ವಯಸ್ಸು ಕಾಯುವುದಿಲ್ಲ. ಆದ್ದರಿಂದ ಈ ಮಾಹಿತಿಯನ್ನು ಇಲ್ಲಿ ಕೊಡುತ್ತಿದ್ದೇವೆ.

2022ರಿಂದ ನಾವಿಕರ ಭರ್ತಿ ಅಗ್ನಿಪಥ ಯೋಜನೆಯಡಿ ನಡೆಯುತ್ತಿದೆ. ಒಡಿಶಾದ ಐ.ಎನ್.ಎಸ್. ಚಿಲ್ಕಾದಲ್ಲಿ ತರಬೇತಿ, ಒಟ್ಟು ನಾಲ್ಕು ವರ್ಷ ಸೇವೆ, ಕೊನೆಗೆ ಖಾಯಂ ಆಗುವವರು ಶೇಕಡಾ 25ರವರೆಗೆ ಮಾತ್ರ. ಉಳಿದವರಿಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿ ಸೇವಾನಿಧಿ ಸಿಗುತ್ತದೆ. ಪಿಂಚಣಿ ಇಲ್ಲ. ಹದಿನೆಂಟಕ್ಕೆ ಸೇರಿದವರು ಇಪ್ಪತ್ತೆರಡಕ್ಕೆ ಹೊರಗೆ ಬರುತ್ತಾರೆ. ಆಗ ಕೈಯಲ್ಲಿ ಪದವಿ ಇರಬೇಕೆಂದರೆ ಹಡಗಿನಲ್ಲಿರುವಾಗಲೇ ಓದಬೇಕು.

ಇದಕ್ಕಾಗಿಯೇ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯದ (ಇಗ್ನೋ) ಮೂರು ವರ್ಷಗಳ ಪದವಿಯೊಂದನ್ನು 2022ರಲ್ಲಿ ಪ್ರಕಟಿಸಲಾಯಿತು. ಅರ್ಧದಷ್ಟು ಅಂಕಗಳು ಸೇನಾ ತರಬೇತಿಯಿಂದಲೇ ಲೆಕ್ಕಕ್ಕೆ ಬರುತ್ತವೆ. ಉಳಿದರ್ಧಕ್ಕೆ ಭಾಷೆ, ಇತಿಹಾಸ, ಅರ್ಥಶಾಸ್ತ್ರದಂಥ ವಿಷಯಗಳನ್ನು ಓದಬೇಕು. ಹತ್ತನೇ ತರಗತಿ ಮಾತ್ರ ಮುಗಿಸಿದವರಿಗೆ ಹನ್ನೆರಡನೆಯದನ್ನು ಪೂರೈಸಲು ರಾಷ್ಟ್ರೀಯ ಮುಕ್ತ ಶಾಲೆಯ ವ್ಯವಸ್ಥೆ ಇದೆ.

ಆದರೆ ಇಲ್ಲೇ ಅನೇಕರು ಎಡವುತ್ತಾರೆ. ಕೇಂದ್ರ ಲೋಕಸೇವಾ ಆಯೋಗ ನಡೆಸುವ ಸಿ.ಡಿ.ಎಸ್. ಪರೀಕ್ಷೆಯ ಮೂಲಕ ಏಳಿಮಲದ ನೌಕಾ ಅಕಾಡೆಮಿಗೆ ಹೋಗಬೇಕಾದರೆ ಎಂಜಿನಿಯರಿಂಗ್ ಪದವಿಯೇ ಬೇಕು. ಬಿ.ಎ., ಬಿ.ಕಾಂ. ಸಾಲದು. ಅದೇ ಪರೀಕ್ಷೆಯಲ್ಲಿ ಡೆಹ್ರಾಡೂನಿನ ಸೇನಾ ಅಕಾಡೆಮಿಗೆ ಮತ್ತು ಚೆನ್ನೈಯ ಅಧಿಕಾರಿ ತರಬೇತಿ ಅಕಾಡೆಮಿಗೆ ಯಾವ ಪದವಿಯಾದರೂ ಸಾಕು. ವಯೋಮಿತಿ ಮೊದಲಿನದಕ್ಕೆ ಸುಮಾರು 24, ಎರಡನೆಯದಕ್ಕೆ 25. ಅಂದರೆ ನಾವಿಕನಾಗಿದ್ದವನು ಭೂಸೇನೆಯ ಅಧಿಕಾರಿಯಾಗುವುದೇ ಹೆಚ್ಚು ಸಾಧ್ಯ! ಸಮುದ್ರವನ್ನೇ ನೆಚ್ಚಿದವರಿಗೆ ಇದು ಬೇಸರದ ಸುದ್ದಿ, ನಮಗೆ ಗೊತ್ತಿದೆ.

ನೌಕಾಪಡೆಯಲ್ಲೇ ಇರಬೇಕೆನ್ನುವವರು ಕಾನೂನು ವಿಭಾಗವನ್ನು ಗಮನಿಸಲಿ. ಶೇಕಡಾ 55 ಅಂಕಗಳ ಎಲ್.ಎಲ್.ಬಿ. ಇದ್ದರೆ ಶಾರ್ಟ್ ಸರ್ವಿಸ್ ಕಮಿಷನ್‌ಗೆ ಅರ್ಜಿ ಹಾಕಬಹುದು. ವಯಸ್ಸಿನ ಮಿತಿಯೂ ಇಲ್ಲಿ ಸ್ವಲ್ಪ ಸಡಿಲ. ಇಪ್ಪತ್ತೆರಡಕ್ಕೆ ಬಿಡುಗಡೆಯಾಗಿ, ಸೇವಾನಿಧಿಯಿಂದ ಶುಲ್ಕ ಕಟ್ಟಿ, ಮೂರು ವರ್ಷ ಕಾನೂನು ಓದಿದರೂ ಸಮಯ ಉಳಿಯುತ್ತದೆ. ಎಂಜಿನಿಯರಿಂಗ್‌ಗೆ ಆಗ ಹೊರಟರೆ ಮುಗಿಯುವಷ್ಟರಲ್ಲಿ ಇಪ್ಪತ್ತಾರು. ಆ ಹಣದಲ್ಲಿ ಬೈಕು ಕೊಳ್ಳುವ ಮೊದಲು ಈ ಲೆಕ್ಕವನ್ನು ಮನೆಯಲ್ಲಿ ಕೂತು ಹಾಕಿರಿ.

ಖಾಯಂ ಆದವರಿಗೆ ಒಳದಾರಿಗಳಿವೆ. ಕಿರಿಯ ನಾವಿಕರಿಗೆ ಕಮಿಷನ್ ವರ್ದಿ ಯೋಜನೆ. ಅನುಭವಿ ಹಿರಿಯರಿಗೆ ಪರೀಕ್ಷೆ, ಆಯ್ಕೆಗಳ ಮೂಲಕ ಸ್ಪೆಷಲ್ ಡ್ಯೂಟೀಸ್ ಅಧಿಕಾರಿ ಹುದ್ದೆ. ಡೆಹ್ರಾಡೂನಿನ ಆರ್ಮಿ ಕೆಡೆಟ್ ಕಾಲೇಜಿಗೆ ನೌಕಾಪಡೆಯವರೂ ಅರ್ಹರು. ಅಲ್ಲಿ ಮೂರು ವರ್ಷ ಓದಿದರೆ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದ ಪದವಿ, ಮತ್ತೊಂದು ವರ್ಷ ತರಬೇತಿ, ಬಳಿಕ ಭೂಸೇನೆಯಲ್ಲಿ ಕಮಿಷನ್. ಓದಿನ ಖರ್ಚು ಸರಕಾರದ್ದು.

ಹಳಬರಿಗೊಂದು ಮಾತು. ಹದಿನೈದು ವರ್ಷ ಸೇವೆ ಮಾಡಿದ ಮೆಟ್ರಿಕ್ ಪಾಸಾದ ಮಾಜಿ ಸೈನಿಕರನ್ನು ಕೇಂದ್ರದ 'ಸಿ' ಗುಂಪಿನ ಹುದ್ದೆಗಳಿಗೆ ಪದವೀಧರರಂತೆ ಪರಿಗಣಿಸುತ್ತಾರೆ. ಅದು ವಿಶ್ವವಿದ್ಯಾನಿಲಯದ ಪದವಿಯಲ್ಲ. ಇದನ್ನು ತಿಳಿಯದೆ ಸ್ನಾತಕೋತ್ತರ ತರಗತಿಗೆ ಅರ್ಜಿ ಹಾಕಿ ನಿರಾಶರಾಗಬೇಡಿ.

ಸೇವೆಯಲ್ಲಿರುವವರು ಅರ್ಜಿ ಹಾಕುವ ಮೊದಲು ಮೇಲಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಪರೀಕ್ಷೆಯ ನಂತರ ಐದು ದಿನಗಳ ಎಸ್.ಎಸ್.ಬಿ. ಸಂದರ್ಶನ. ಮೊದಲ ದಿನದ ಜರಡಿಯಲ್ಲಿ ಉಳಿಯದವರನ್ನು ಅದೇ ದಿನ ಮನೆಗೆ ಕಳುಹಿಸುತ್ತಾರೆ. ನೌಕಾಪಡೆಯ ಆಯ್ಕೆ ಮಂಡಳಿಯೊಂದು ಬೆಂಗಳೂರಿನಲ್ಲೇ ಇದೆ.