ಹೊಸ್ತಿಲು ದಾಟಿದ ಮೇಲೆ

ಮಗು ಮಗುಚಿಕೊಂಡರೆ, ಅಂಬೆಗಾಲಿಟ್ಟರೆ, ಹೊಸ್ತಿಲು ದಾಟಿದರೆ ಸಿಹಿ ಮಾಡಿ ಹಂಚುವುದು ನಮ್ಮಲ್ಲಿ ಹಳೆಯ ಪದ್ಧತಿ. ಪುಸ್ತಕ ಓದದ ಅಜ್ಜಿಯರು ಕೂಸಿನ ಕೈಕಾಲು ಬಲಿಯುವುದನ್ನು ಹೀಗೆ ಲೆಕ್ಕವಿಟ್ಟರು. ಹೊಸ್ತಿಲಾಚೆ ಜಗಲಿ, ಜಗಲಿಯಾಚೆ ಅಂಗಳ. ಹತ್ತಿ ಇಳಿಯುವುದರಲ್ಲೇ ಸೊಂಟಕ್ಕೂ ತೊಡೆಗೂ ಕಸುವು ಬರುತ್ತಿತ್ತು.

ಅಂಗಳಕ್ಕಿಳಿದ ಕೂಸಿಗೆ ಮೂರು ಚಕ್ರದ ಮರದ ಗಾಡಿ ಬೇಕು. ಶ್ರೀರಂಗಪಟ್ಟಣದವರಾದ ನಮಗೆ ಅದು ಬೆಂಗಳೂರು ರಸ್ತೆಯ ಚನ್ನಪಟ್ಟಣದಿಂದ ಬರುತ್ತಿತ್ತು. ಅಲ್ಲಿಯ ಅರಗಿನ ಬಣ್ಣದ ಕೆಲಸಕ್ಕೆ ನಮ್ಮೂರಿನಿಂದ ಆಳಿದ ಟಿಪ್ಪುವೇ ಪರ್ಷಿಯಾದ ಕುಶಲಿಗರನ್ನು ಕರೆಸಿದನೆಂದು ಹೇಳುತ್ತಾರೆ. ಇರಲಿ, ನನಗೆ ಮುಖ್ಯವಾದುದು ಗಾಡಿಯ ಜಾಣತನ. ಅದರಲ್ಲಿ ಮಗು ಕೂರುವಂತಿಲ್ಲ. ಎದ್ದು ನಿಂತು, ತನ್ನ ಭಾರ ತಾನೇ ಹೊತ್ತು ತಳ್ಳಬೇಕು. ಈಗಿನ ಪ್ಲಾಸ್ಟಿಕ್ ವಾಕರ್ ಹಾಗಲ್ಲ. ಮಗುವನ್ನು ನಡುವೆ ಕೂರಿಸಿ, ಕಾಲ್ಬೆರಳಲ್ಲಿ ಒದ್ದರೆ ಸಾಕೆಂದು ಜಾರಿಸಿಕೊಂಡು ಹೋಗುತ್ತದೆ. ಅದರಿಂದ ನಡಿಗೆ ಬೇಗ ಬರುವುದಿಲ್ಲ. ಮೆಟ್ಟಿಲಿನಿಂದ ಉರುಳುವ ಭಯ ಬೇರೆ. ಕೆನಡಾ ದೇಶ 2004ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿತು. ನಾವು ನಾಮಕರಣಕ್ಕೆ ಉಡುಗೊರೆ ಕೊಡುತ್ತೇವೆ!

1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾಯಿತು. ಕರ್ನಾಟಕದಲ್ಲಿ ಮೊದಲು ಬಂದುದು ಟಿ. ನರಸೀಪುರಕ್ಕೆ, ನಮ್ಮನ್ನು ಬಳಸಿ ಹೋದ ಕಾವೇರಿ ಕಪಿಲೆಯನ್ನು ಕೂಡುವ ಊರು. ಅಂಗನವಾಡಿಯ ಹೆಸರಿನಲ್ಲೇ ಅಂಗಳವಿದೆ. ಆದರೆ ಅಲ್ಲಿ ಆಟಪಾಠ ಮೂರರಿಂದ ಆರು ವರ್ಷದವರಿಗೆ. ಮೂರರೊಳಗಿನ ಕೂಸಿಗೆ ಪೌಷ್ಟಿಕ ಆಹಾರ, ಚುಚ್ಚುಮದ್ದು, ತೂಕದ ಲೆಕ್ಕ. ಓಡಾಟವನ್ನು ಮನೆಯಂಗಳಕ್ಕೇ ಬಿಟ್ಟರು. ಆಗ ಅಂಗಳವಿತ್ತು, ತಪ್ಪು ಹೇಳಲಾರೆ.

ಇಂದು ಅಂಗಳದಲ್ಲಿ ಸ್ಕೂಟರ್ ನಿಂತಿದೆ. ಮಹಡಿಯ ಬಾಡಿಗೆ ಮನೆಗೆ ಅದೂ ಇಲ್ಲ. ಒಂದನೇ ತರಗತಿಗೆ ಬರುವ ಕೆಲವು ಮಕ್ಕಳು ಅಕ್ಷರವೆಲ್ಲ ಬಲ್ಲರು, ಕುಂಟಾಟಕ್ಕೆ ಒಂಟಿಕಾಲಲ್ಲಿ ನಿಲ್ಲಲಾರರು. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ 180 ನಿಮಿಷವಾದರೂ ಮೈ ಆಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಮೂರು ಗಂಟೆ ಎಂದೊಡನೆ ತಾಯಂದಿರು ಹೌಹಾರುತ್ತಾರೆ. ಒಂದೇ ಸಮನೆ ಅಲ್ಲಮ್ಮ, ದಿನವಿಡೀ ಹಂಚಿಕೊಂಡು! ಸಂಜೆ ರಂಗನಾಥಸ್ವಾಮಿ ಗುಡಿಯ ಮುಂದಿನ ಬಯಲಿಗೆ ಕರೆದೊಯ್ದು ಕೈಬಿಟ್ಟು ನೋಡಿ. ಕಣ್ಣು ಮಾತ್ರ ಬಿಡಬೇಡಿ.

ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ಸರ್ಕಾರ 2023ರಲ್ಲಿ ನಾಲ್ಕು ಸಾವಿರ ಗ್ರಾಮ ಪಂಚಾಯಿತಿಗಳಿಗೆ ‘ಕೂಸಿನ ಮನೆ’ ಘೋಷಿಸಿತು. ಹೆಸರು ಕೇಳಿಯೇ ಹಿಗ್ಗಿದೆ. ನಮ್ಮೂರು ಪುರಸಭೆ. ಬಾಗಿಲ ಮುಂದೆ ನಾಲ್ಕು ಹೆಜ್ಜೆಯ ಜಾಗವನ್ನು ಇಲ್ಲಿ ಯಾರನ್ನು ಕೇಳಬೇಕೋ, ವಿಚಾರಿಸುತ್ತಿದ್ದೇನೆ.